ಯಾರಾದರೂ ಕೆಮ್ಮುವ ತನಕ

...ಇಲ್ಲ, ಪೂರ್ತಿ ಕೇಳು. ನಾನು ನಾಯಕರಿಗೆ ಕಲಿಸಿದ್ದು ಹಕಾರ ಒಂದನ್ನೇ. ಹ! ಬೇರೇನೂ ಅಲ್ಲ. ಹಾಗೇಕೆ ನೋಡುತ್ತೀಯಮ್ಮ? ಕೂತುಕೋ. ಆ ಕುರ್ಚಿ ಬೇಡ, ಅದರ ಕಾಲು ಅಲುಗಾಡುತ್ತದೆ... ಅದರಲ್ಲೇ ಕೂತೆಯಾ? ಸರಿ. ಅವರೂ ಅದರಲ್ಲೇ ಕೂರುತ್ತಿದ್ದರು, ಕನ್ನಡಿಗೆ ಎದುರಾಗಿ.

ಭಾಷಣ ಕಲಿಸಿ ಎಂದು ಬಂದ ದಿನ ಏನನ್ನುತ್ತಿದ್ದರು ಗೊತ್ತೇ? 'ಓರಾಟ'! 'ಇದು ನಮ್ಮ ಎಮ್ಮೆಯ ನಾಡು'! ಹೆಮ್ಮೆ ಎನ್ನಲು ಹೋಗಿ ಎಮ್ಮೆ! ನಗು ಬರಲಿಲ್ಲವೇ? ಹೋದ ತಿಂಗಳು ಇದನ್ನೇ ಹೇಳಿದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಮಾತ್ರ...

ಒಳಗೆ ಏನದು ಸದ್ದು? ಬಟ್ಟೆ ತುಂಬುತ್ತಿದ್ದಾಳೆಯೇ? ಹೊರಡುವುದು ನಾಳೆ ತಾನೇ! ನೋಡು, ನಿನ್ನ ಮಗಳು ಸೈನ್ಯಕ್ಕೆ ಹೆಸರು ಕೊಟ್ಟಳು. ನಾನು ಕೊಡಿಸಿದೆನೇ? ನಿನ್ನೆ ಟಿವಿಯಲ್ಲಿ ನಾಯಕರ ಭಾಷಣ ಕೇಳಿದಳು, ಬೆಳಗಾಗುತ್ತಲೇ ಹೋಗಿ ಸಾಲಿನಲ್ಲಿ ನಿಂತಳು. ಅವಳೊಬ್ಬಳೇ ಏನು? ಸಾಲು ಬೀದಿಯ ತುದಿ ಮುಟ್ಟಿತ್ತಂತೆ. ಬೆಳೆದ ಹುಡುಗಿ, ಅವಳಿಗೂ ಬುದ್ಧಿ ಇದೆ. ತಾತ ಹೊಣೆಯೇ?

ಆ ಭಾಷಣದಲ್ಲಿ ಯುದ್ಧ ಎಂಬ ಪದವೇ ಇರಲಿಲ್ಲ. ಗಮನಿಸಿದೆಯಾ? ಒಮ್ಮೆಯೂ ಇಲ್ಲ! ಯುದ್ಧ, ಯುದ್ಧ ಎಂದು ಕೂಗಿದ್ದು ಜನ. ನಾಯಕರು ಸುಮ್ಮನಾದರು, ಅಷ್ಟೆ. ಸುಮ್ಮನಾಗುವುದು ಅಪರಾಧವೇ? ಅದೊಂದು ವಿದ್ಯೆ, ತಾಯಿ. ವಾಕ್ಯವನ್ನು ಅರ್ಧಕ್ಕೆ ಬಿಡಬೇಕು. ಉಳಿದರ್ಧವನ್ನು ಕೇಳುವವರು ತಮ್ಮ ತಮ್ಮ ಮನೆಯಿಂದ ತಂದು ತುಂಬುತ್ತಾರೆ. 'ಸಭೆಯಲ್ಲಿ ಯಾರಾದರೂ ಕೆಮ್ಮುವ ತನಕ ತುಟಿ ಬಿಚ್ಚಬೇಡಿ' ಎಂದೆ. ಮೊದಲು ಕೆಮ್ಮಿದವನು ಸೋತ. ಅವನ ಹಿಂದೆ ಸಭೆಯೆಲ್ಲ...

ಹೌದು, ಹಾಗೆಂದೆ. ಹಕಾರದ ಜೊತೆಗೆ ಅದನ್ನೂ ಕಲಿಸಿದೆ. ಈಗ ಸಮಾಧಾನವೇ?

ಇಲ್ಲವೇ? ಮತ್ತೇನು? ಭಾಷಣದಲ್ಲಿ ಬಂದ ಆ ತಾಯಿಯ ಮಾತೇ? ಗಡಿಯಲ್ಲಿ ಮಗನನ್ನು ಕಳೆದುಕೊಂಡವಳು ನಾಯಕರ ಕೈ ಹಿಡಿದು ಹೇಳಿದಳಂತೆ: 'ಬಂದ ಮೇಲೆ ಊಟ ಬಿಸಿ ಮಾಡು ಅಂದಿದ್ದ. ಈಗ...' ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ತೆಗೆದರು. ಯಾರೋ ಒಬ್ಬ ತಾಯಿ. ಇರುತ್ತಾರೆ ಅಂಥವರು! ಊಟ ಬಿಸಿ ಮಾಡು ಎನ್ನುವುದು ಎಲ್ಲರ ಮನೆಯ ಮಾತು. ಎಲ್ಲರ ಮನೆಯ...

ಹಾಗೆ ಕೂರಬೇಡ. ಏನಾದರೂ ಅನ್ನು. ಬೈಯಿ! 'ಮಾವ, ನಿಮ್ಮ ನಾಲಿಗೆಗೆ ಹುಳ ಬೀಳಲಿ' ಅನ್ನು. ಸಹಿಸುತ್ತೇನೆ.

ನಾನೇನು ಮಾಡಬೇಕು? ಮೊಮ್ಮಗಳನ್ನು ಕರೆದು, ಅಂಥ ತಾಯಿಯೇ ಇಲ್ಲ, ಚೀಲ ಬಿಚ್ಚು ಎನ್ನಬೇಕೇ? ಆಮೇಲೆ ಅವಳು ಈ ತಾತನನ್ನು ಕಣ್ಣೆತ್ತಿ ನೋಡುತ್ತಾಳೆಯೇ? ಕೂಡದು. ನನ್ನಿಂದಾಗದು. ನನಗೆ ಉಳಿದಿರುವುದು ಅವಳ ಆ ಒಂದು ನೋಟ...

ಸಾಕು. ಕಣ್ಣು ಆ ಕಡೆ ತಿರುಗಿಸು. ತಿರುಗಿಸು ಎಂದೆ!

ಹ್ಹುಂ... ಹ್ಹುಂ... ಏನಿಲ್ಲ. ಧೂಳು. ಸೀಮೆಸುಣ್ಣದ ಧೂಳು.

...ಕೆಮ್ಮಿದೆನೇ ನಾನು?

ಸರಿ. ಕರೆಂಟ್ ಲೈನ್ ಕೆಲಸಕ್ಕೆ ಹೋಗಿ ಕಂಬದಿಂದ ಬಿದ್ದವನನ್ನು ಮನೆಗೆ ತಂದ ದಿನ. ನನ್ನ ಮಗನನ್ನು. ನೀನು ಬಾಗಿಲಿಗೆ ಒರಗಿ, 'ಬಂದ ಮೇಲೆ ಊಟ ಬಿಸಿ ಮಾಡು ಅಂದಿದ್ದರು, ಮಾವ. ಈಗ...' ಎಂದು ನಿಲ್ಲಿಸಿದೆ. ಬೀದಿಗೆ ಬೀದಿಯೇ ಅತ್ತಿತು. ನಾನು ಅಳಲಿಲ್ಲ. ಗಟ್ಟಿ ಮನುಷ್ಯ ಅಂದರು. ಗಟ್ಟಿಯಲ್ಲ, ತಾಯಿ! ಕಿವಿಗೊಟ್ಟಿದ್ದೆ. ನೀನು ಯಾವ ಪದಕ್ಕೆ ನಿಂತೆ, ಉಸಿರು ಎಲ್ಲಿ ಹಿಡಿದೆ, ಮೊದಲು ಕೆಮ್ಮಿದ್ದು ಯಾರು... ಮಗ ನೆಲದ ಮೇಲಿದ್ದ. ನಾನು ಪಾಠ ಕಲಿಯುತ್ತಿದ್ದೆ. ಕಲಿತದ್ದನ್ನು ತೆಗೆದು ಆ ನಾಯಕರ ಬಾಯಿಗಿಟ್ಟೆ.

ನಿನ್ನೆ ಟಿವಿಯ ಮುಂದಿನಿಂದ ಎದ್ದು ಅಡುಗೆಮನೆಗೆ ಹೋದೆಯಲ್ಲ, ಆಗಲೇ ನಿನಗೆ ತಿಳಿದಿತ್ತು.

ಚೀಲದ ಜಿಪ್ ಎಳೆದಳು. ಬರುತ್ತಿದ್ದಾಳೆ. ನೀನೇ ಹೇಳಿಬಿಡು... ಬೇಡ. ನೀನು ಏಳಬೇಡ.

ಬಾ, ಮಗಳೇ. ಚೀಲ ಕೆಳಗಿಡು. ನಿನ್ನೆಯ ಭಾಷಣದಲ್ಲಿ ಒಬ್ಬ ತಾಯಿ ಇದ್ದಳಲ್ಲ... ಅವಳು... ತಾಳು, ತಾಳು, ಇದೊಂದು ವಾಕ್ಯವನ್ನು ಪೂರ್ತಿ ಮುಗಿಸುತ್ತೇನೆ. ಅವಳು ಯಾವ ಸೈನಿಕನ ತಾಯಿಯೂ ಅಲ್ಲ. ನಿನ್ನ ತಾಯಿ.