ಕೆಳಗೆ ನೋಡುವ ಕಣ್ಣು

ಮಧ್ಯಾಹ್ನವೇ ಕತ್ತಲು ಕವಿದಂತೆ ಯಾಂಗ್ತ್ಸೆ ಹೊಳೆಯ ಮೇಲೆ ಮಳೆ ಹಿಡಿದಿತ್ತು. ಜಿಯಾಂಗ್ಯಿನ್ ಕಡವಿನ ಚಹಾ ಅಂಗಡಿಯಲ್ಲಿ ನಾಲ್ವರು ಒಲೆಯ ಸುತ್ತ ಕೂತಿದ್ದರು: ಜನರನ್ನು ಹೊಳೆ ದಾಟಿಸುವ ದೋಣಿಯವಳು ಲಾನ್, ಆಚೆ ದಡಕ್ಕೆ ಹೋಗಬೇಕಿದ್ದ ಬಾತುಕೋಳಿ ವ್ಯಾಪಾರಿ ಫಾಂಗ್, ಅವನ ಹೆಂಡತಿ, ಮತ್ತೆ ದೋಣಿಗಳಿಗೆ ಬಣ್ಣ ಬಳಿಯುವ ಗೂ ಅಜ್ಜ. ಅಜ್ಜ ಬಂದವನೇ ಎರಡು ಬಟ್ಟಲು ಚಹಾ ಹೇಳಿದ್ದ. ಲಾನ್ ಕೂಡ ಎರಡು ಹೇಳಿ, ದೋಣಿಯಲ್ಲಿ ಮಳೆನೀರು ಮೊಗೆಯುತ್ತಿದ್ದ ಗಂಡನ ಪಾಲಿನದನ್ನು ತಟ್ಟೆ ಮುಚ್ಚಿ ಇಟ್ಟಿದ್ದಳು.

"ನಿನ್ನ ದೋಣಿ ಮೂತಿಗೆ ಕಬ್ಬಿಣದ ತಗಡು ಹೊಡೆಸಿದ್ದೀಯಲ್ಲ, ಎಲ್ಲಿಂದ ತಂದೆ?" ಅಜ್ಜ ಲಾನ್‌ಳನ್ನು ಕೇಳಿದ.

"ಗುಜರಿಯವನ ಹತ್ರ. ಕಲ್ಲು ತಾಗಿದ್ರೆ ಹಲಗೆ ಒಡೀಬಾರದು ಅಂತ. ಯಾಕಜ್ಜಾ?"

"ಅದರ ಮೇಲೆ ಬಣ್ಣದಲ್ಲಿ ಬರೆದ ಕಣ್ಣೊಂದಿದೆ. ಕೆರೆದು ಹಾಕೋಕೆ ಬಂದಿದೀನಿ." ಅಜ್ಜ ಮೊಂಡು ಉಳಿಯೊಂದನ್ನು ಒಲೆಯ ಕಟ್ಟೆಯ ಮೇಲಿಟ್ಟ. "ನಗಬೇಡ ಫಾಂಗ್! ಪೂರ್ತಿ ಕೇಳು, ಆಮೇಲೆ ಹಲ್ಲು ಕಿಸಿ."

ಅಜ್ಜ ಶುರುಮಾಡಿದ.

"ನಲವತ್ತು ವರ್ಷ ಆಯ್ತು. ಶಾಂಘೈನಲ್ಲಿ ಒಂದು ಫಿರಂಗಿ ಹಡಗು ಕಟ್ಟಿದ್ರು, ಮೈಯೆಲ್ಲ ಕಬ್ಬಿಣ, ಆಹಾ, ಏನು ಜಂಬ! ಆದ್ರೆ ನಮ್ಮ ದೋಣಿಗಳಿಗೆಲ್ಲ ಬರೆಯೋ ಹಾಗೆ ಮೂತಿಗೆ ಕಣ್ಣೇ ಬರೆದಿಲ್ಲ. ಕುರುಡು ಹಡಗಿಗೆ ನಮ್ಮ ಹೊಳೆ ಜನ ಕಾಲಿಡ್ತಾರಾ? ಹತ್ತಲ್ಲ ಅಂತ ದಡದಲ್ಲೇ ಕೂತುಬಿಟ್ರು. ಕ್ಯಾಪ್ಟನ್ನು ನನ್ನ ಕರೆಸಿ, ಬೇಗ ಕಣ್ಣು ಬರೆಯಯ್ಯ ಅಂದ. ನಾನೋ ಮೀನುದೋಣಿಗೆ ಬಣ್ಣ ಬಳೀತಿದ್ದೋನು. ಮೀನುದೋಣಿ ಕಣ್ಣುಗುಡ್ಡೆ ಕೆಳಗಿರ್ಬೇಕು, ನೀರೊಳಗಿನ ಮೀನು ಕಾಣ್ಬೇಕಲ್ಲ. ಮಿಕ್ಕ ದೋಣಿಗಳದ್ದು ಮುಂದಕ್ಕೆ, ದಾರಿ ನೋಡೋಕೆ. ನಾನು ಕೆಳಗಿಟ್ಟೆ... ಕೈಯ ಅಭ್ಯಾಸ ಅಂದ್ಕೊಳ್ಳಿ. ಇಲ್ಲಾ... ಹಿಂದಿನ ತಿಂಗಳಷ್ಟೇ ನನ್ನ ತಮ್ಮ ರುಯಿ ಅಗೋ ಆ ಜೊಂಡಿನ ಹತ್ರ ಮುಳುಗಿದ್ದ, ಹೆಣ ಸಿಕ್ಕಿರ್ಲಿಲ್ಲ. ಬೇಕಂತಲೇ ಇಟ್ಟೆನಾ? ನಮ್ಮಪ್ಪನಾಣೆ, ಇವತ್ತಿಗೂ ಗೊತ್ತಿಲ್ಲ.

"ಬಣ್ಣ ತಿದ್ದೋಕೆ ಅಂತ ನಾನೂ ಜೊತೆಗೆ ಹೊರಟೆ. ಹಡಗು ಜೊಂಡಿನ ಹತ್ರ ಬಂತು, ನಿಂತೇಬಿಡ್ತು. ಇಂಜಿನ್ ಬುಸುಗುಡ್ತಿದೆ, ಹೊಗೆ ಏಳ್ತಿದೆ, ಇದು ಮಾತ್ರ ಮೂತಿ ಬಗ್ಗಿಸ್ಕೊಂಡು ನೀರನ್ನೇ ನೋಡ್ತಿದೆ! ಊಟಕ್ಕೆ ಕೂತ್ರೆ ಒಂದು ಬಟ್ಟಲು ಕಡಿಮೆ ಬಂತು. ಅಡುಗೆಯವನು ತಲೆ ಎಣಿಸಿದ, ಒಬ್ಬ ಜಾಸ್ತಿ. ಯಾರು? ಎಲ್ಲಾ ಗೊತ್ತಿರೋ ಮುಖಗಳೇ. ನನ್ನ ಪಕ್ಕದಲ್ಲಿ ರುಯಿ ಕೂತು ಅನ್ನ ತಿಂತಿದ್ದ. ನಿಧಾನ ತಿನ್ನೋ, ಯಾರಾದ್ರೂ ಕಿತ್ಕೋತಾರಾ ಅಂತ ಬೈದೆ ಕೂಡ. ಅವನು ಸತ್ತಿದಾನೆ ಅಂತ ನೆನಪಾಗಿದ್ದು... ಬಟ್ಟಲು ತೊಳೆದಿಟ್ಟ ಮೇಲೆ.

"ಸಂಜೆ ತಲೆ ಎಣಿಸಿದ್ರೆ ಲೆಕ್ಕ ಸರಿಹೋಯ್ತು. ಕಲ್ಲಿದ್ದಲು ಹಾಕ್ತಿದ್ದ ಮಾ ಅನ್ನೋನು ಕಾಣಲಿಲ್ಲ. ಮುಳುಗಿದೋರು ಮೇಲೆ ಬಂದ್ರೆ ತಮ್ಮ ಜಾಗಕ್ಕೆ ಒಬ್ಬರನ್ನ ಕಳಿಸ್ಲೇಬೇಕಲ್ಲ. ಆ ಹಡಗು ಒಂದು ಯುದ್ಧನೂ ನೋಡ್ಲಿಲ್ಲ. ತುಕ್ಕು ಹಿಡಿದು ಗುಜರಿಗೆ ಹೋಯ್ತು. ಅದರ ಮೂತಿ ತಗಡೇ ಈಗ ನಿನ್ನ ದೋಣಿ ಮೇಲಿರೋದು."

"ಆಗಲೇ ಆ ಕಣ್ಣು ಕೆರೆದು ಹಾಕಬೇಕಿತ್ತಪ್ಪ!" ಎಂದಳು ಫಾಂಗ್‌ನ ಹೆಂಡತಿ.

"ಹೋಗಿದ್ದೆ ಕಣಮ್ಮಾ, ಇದೇ ಉಳಿ ಹಿಡ್ಕೊಂಡು..." ಅಜ್ಜ ಉಳಿಯ ಮೊಂಡು ಅಂಚನ್ನು ಹೆಬ್ಬೆರಳಿಂದ ಸವರಿದ.

ಲಾನ್‌ಳಿಗೆ ಗೊಂದಲವಾಯಿತು. ಬೆಳಿಗ್ಗೆ ಅವಳ ದೋಣಿಯೂ ಜೊಂಡಿನ ಹತ್ತಿರ ನಿಂತುಬಿಟ್ಟಿತ್ತು. ಸೆಳವು ಇರಬೇಕು ಅಂದುಕೊಂಡಿದ್ದಳು.

"ಆ ಮುಚ್ಚಿಟ್ಟಿರೋ ಚಹಾ ಯಾರಿಗೆ ಲಾನ್?" ಫಾಂಗ್‌ನ ಹೆಂಡತಿ ಮೆಲ್ಲಗೆ ಕೇಳಿದಳು.

"ನಮ್ಮನೆಯವ್ರಿಗೆ. ಪಾಪ, ಬೆಳಿಗ್ಗೆಯಿಂದ ಒಂದೇ ಸಮ..."

ಕಳೆದ ವರ್ಷ ಗಂಡ ಜೊಂಡಿನ ಹತ್ತಿರ ಮುಳುಗಿದ್ದು, ಹೆಣ ಸಿಗದೆ ಅವನ ಅಂಗಿಯನ್ನೇ ಹೂತದ್ದು, ಎಲ್ಲ ಈಗ ನೆನಪಾಯಿತು. ಹೊರಗೆ ನೀರು ಮೊಗೆಯುವ ಸದ್ದು ನಿಂತಿರಲಿಲ್ಲ.

ಫಾಂಗ್‌ನ ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಅಜ್ಜ ಉಳಿ ಎತ್ತಿಕೊಂಡ.

"ಮಳೆ ಬಿಟ್ರೆ ಇವರಿಬ್ಬರನ್ನ ದಾಟಿಸ್ಬೇಕು ನೀನು. ಅವನು ತನ್ನ ಜಾಗಕ್ಕೆ ಯಾರನ್ನ ಕೇಳ್ತಾನೋ... ಹೇಳು ಮಗಳೇ, ಕೆರೀಲಾ?"

ಲಾನ್ ಎರಡೂ ಕೈಯಲ್ಲಿ ಬಟ್ಟಲು ಎತ್ತಿಕೊಂಡಳು. ಹೆದರಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅವನ ಮುಖ ನೋಡಬೇಕೆನಿಸುತ್ತಿತ್ತು.

"ಬೇಡಜ್ಜಾ... ಮೊದಲು ಚಹಾ ಕುಡೀಲಿ." ಅವಳು ಮಳೆಗಿಳಿದಳು.

ಅಜ್ಜ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಅವತ್ತು ನಾನೂ ಹಿಂಗೇ ಅಂದಿದ್ದು" ಎಂದವನು ಎರಡನೆಯ ಬಟ್ಟಲನ್ನು ಪಕ್ಕದ ಖಾಲಿ ಮಣೆಯ ಕಡೆ ಸರಿಸಿದ.

"ಕುಡಿಯೋ ರುಯಿ, ಆರಿಹೋಗ್ತದೆ."