ಕೋಲಿನ ಒಂದು ಗೇಣು

ಚಿಕ್ಕನಾಯಕನಹಳ್ಳಿ ಬಸ್ ನಿಲ್ದಾಣದಲ್ಲಿ ತಿಪಟೂರಿನ ಬಸ್ಸಿಗೆ ಕಾಯುತ್ತಿದ್ದ ಮಂಜುಶ್ರೀ ತಲೆ ಎತ್ತಲಿಲ್ಲ. ಕಿವಿ ಮಾತ್ರ ಪಕ್ಕದ ಬೆಂಚಿನ ಕಡೆಗಿತ್ತು. ಟೆಲಿಫೋನ್ ಕೇಬಲ್ ಹೂಳಲು ಗುಂಡಿ ತೋಡುವ ಇಬ್ಬರು ಅಲ್ಲಿ ಕೂತಿದ್ದರು.

“ನನ್ ಜೊತೆ ಗುದ್ಲಿ ಹಿಡಿದೋನು, ಈಗ ಸೂಪರ್‌ವೈಸರ್ ಅಂತೆ ಆ ಮಹಾಂತೇಶ!”

“ಹೊಟ್ಟೆಕಿಚ್ಚು ಬುಡ್ಲಾ ಚಿತ್ತೇಶ.”

“ಬುಡಕ್ಕಾಗ್ಲಿಲ್ಲ ಕಣ್ಲಾ ಕಾಟಪ್ಪ. ಅವನು ಆಳ ಅಳೆಯೋ ಕೋಲಲ್ಲಿ ಒಂದ್ ಗೇಣು ಕುಯ್ದುಬುಟ್ಟೆ. ಇಂಜಿನಿಯರ್ ಬಂದು, ಆಳ ಸಾಲ್ದು ಅಂತ ಅವನನ್ನ ಕಿತ್ತಾಕ್ಲಿ ಅಂತ.”

“ಅಯ್ಯೋ ಪಾಪಿ! ಆಮೇಲೆ?”

“ಮಹಾಂತೇಶ ಕೋಲು ನೋಡ್ದ. ನನ್ ಮುಖ ನೋಡ್ದ. ಗುಂಡಿಗಿಳಿದು ಮೊಳದಲ್ಲೇ ಅಳೆದು, ಇನ್ನೊಂದ್ ಗೇಣು ತೋಡ್ಬೇಕು ಅಂದ.”

“ತೋಡಿದ್ದು ಯಾರ್ಲಾ?”

“ನಾನೇ. ಬೈದಿದ್ರೂ ತಡ್ಕೊತಿದ್ದೆ. ‘ಅಂಚು ಕುಸೀತದೆ, ಹುಷಾರು ಚಿತ್ತೇಶಣ್ಣ’ ಅಂದ ಕಣ್ಲಾ!”

ಹುಳಿಯಾರಿನ ಬಸ್ಸು ಬಂತು. ಬಾಗಿಲ ಕಂಬಿ ಹಿಡಿಯುವ ಮೊದಲು ಚಿತ್ತೇಶ ಬೊಬ್ಬೆ ಎದ್ದ ಅಂಗೈಗಳನ್ನು ಊದಿಕೊಂಡ.