ಕೆಟ್ಟ ಹವಾಮಾನದ ಕೊನೆಯ ಹಾಡು

…ಅಲ್ಲ ಕಣೇ, ಬ್ಯಾಂಡ್ ಒಡೆದದ್ದು ನಾನಲ್ಲ! ಅದನ್ನ ಮೊದಲು ತಲೆಯಿಂದ ತೆಗೆದುಹಾಕು. ಅದು ಒಡೆದದ್ದು ನಿಮ್ಮಣ್ಣನ ಕೂದಲಿಂದ, ಡ್ರಮ್ ಬಾರಿಸ್ತಿದ್ದ ನಮ್ಮ ಗುಡುಗಿನ ಹಟದಿಂದ, ಆ ಮ್ಯೂಸಿಕ್ ಕಂಪನಿ ಯಜಮಾನನ ಕಿವುಡುತನದಿಂದ. ನಾನು ಬರೀ ಹಾಡ್ತಿದ್ದೆ. ಹಾಡೋಳಿಗೆ ಒಡೆಯೋಕೆ ಕೈ ಎಲ್ಲಿ ಬಿಡುವಿರುತ್ತೆ?

ಕೂತ್ಕೋ, ಕೂತ್ಕೋ. ಆ ಸ್ಟೂಲ್ ಬೇಡ, ಅದು ಕಿರುಗುಟ್ಟುತ್ತೆ. ಬೆಳಿಗ್ಗೆ ಒಂದು ಇಡೀ ಲಿಫ್ಟಿನ ರೆಕಾರ್ಡಿಂಗ್ ಹಾಳಾಯ್ತು ಅದರಿಂದ. ನಾನು ನಯವಾಗಿ ‘ಬಾಗಿಲು ಮುಚ್ಚುತ್ತಿದೆ’ ಅನ್ನೋದಕ್ಕೂ ಅದು ಕಿರ್ರ್ ಅನ್ನೋದಕ್ಕೂ ಸರಿಹೋಯ್ತು. ಅದನ್ನ ಕೇಳಿದವರು ಜನ್ಮದಲ್ಲಿ ಲಿಫ್ಟ್ ಹತ್ತಲ್ಲ, ಮೆಟ್ಟಿಲೇ ಗತಿ.

ಏನು ಸುತ್ತಮುತ್ತ ನೋಡ್ತಿದ್ದೀಯ? ಹೂಂ, ಇದೇ ನನ್ನ ಸ್ಟುಡಿಯೋ. ಮೊದಲು ಸಾಮಾನಿನ ಕೋಣೆ ಆಗಿತ್ತು. ಗೋಡೆಗೆ ಹಳೇ ಹಾಸಿಗೆ ಹೊಡೆದಿದ್ದೀನಿ, ಸದ್ದು ಒಳಗೂ ಬರಲ್ಲ, ಹೊರಗೂ ಹೋಗಲ್ಲ. ‘ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ’… ಅದು ನಾನೇ. ಕೋಪ ಬಂದು ಜನ ಫೋನ್ ಎತ್ತಿ ಬಿಸಾಕ್ತಾರಲ್ಲ, ಅದೂ ನನ್ನಿಂದಾನೇ. ಒಂದು ಕಾಲದಲ್ಲಿ ಈ ಗಂಟಲು ಕೂಗಿದ್ರೆ ಪಕ್ಕದ ಬೀದಿ ನಾಯಿಗಳೆಲ್ಲ ಓಡ್ತಿದ್ವು. ಈಗ ಜನರನ್ನ ಸಾಲಲ್ಲಿ ನಿಲ್ಲಿಸುತ್ತೆ. ಅಭಿವೃದ್ಧಿ ಅಂದ್ರೆ ಇದೇ ಇರಬೇಕು.

ನಿನ್ನ ಕರೆದದ್ದು ಯಾಕೆ ಅಂದ್ರೆ… ಫೋನಲ್ಲಿ ಹೇಳಿದ್ನಲ್ಲ, ನಾವು ಮೊದಲು ಬಾರಿಸಿದ ಆ ಹಳೇ ಸಭಾಂಗಣ ಕೆಡವ್ತಾರಂತೆ. ಕೆಡವೋಕೆ ಮುಂಚೆ ಒಂದು ಸಂಜೆ ಹಳೇ ಬ್ಯಾಂಡ್‌ಗಳನ್ನೆಲ್ಲ ಕರೀತಿದ್ದಾರೆ. ನಮ್ಮ ‘ಕೆಟ್ಟ ಹವಾಮಾನ’ ಬ್ಯಾಂಡ್ ಬೇಕೇ ಬೇಕು, ಆದ್ರೆ ನಾಲ್ಕೂ ಜನ ಇರಬೇಕು ಅಂದ್ರು. ಒಬ್ಬರು ಕಮ್ಮಿಯಾದ್ರೂ ಬೇಡವಂತೆ. ನಿಮ್ಮಣ್ಣ ಒಪ್ಪಿದ್ದಾಯ್ತು. ಮೂರು ದಿನದಿಂದ ಕನ್ನಡಿ ಮುಂದೆ ನಿಂತು, ಇಲ್ಲದ ಕೂದಲನ್ನ ಹಿಂದಕ್ಕೆ ಎಸೆಯೋ ಅಭ್ಯಾಸ ನಡೀತಿದೆ, ಪಾಪ. ಗುಡುಗೂ ಒಪ್ಪಿದ. ಈಗ ಅವನು ಹಲ್ಲಿನ ಡಾಕ್ಟರಲ್ವಾ, ಡ್ರಮ್ ಬಾರಿಸಿದ ಕೈಯಲ್ಲಿ ಜನರ ದವಡೆ ಬಾರಿಸ್ತಿದ್ದಾನೆ. ಉಳಿದವಳು ನೀನು. ಒಂದೇ ಒಂದು ಮಾತು ಹೇಳು, ಬರ್ತೀಯೋ ಇಲ್ವೋ?

…ನೋಡು, ಇದೇ. ಆಗಲೂ ಹೀಗೇ. ಪ್ರಪಂಚದಲ್ಲಿ ಎಲ್ಲರ ನಾದಿನಿಯರೂ ಅತ್ತಿಗೆಯರ ಕಿವಿ ತಿಂತಾರೆ. ನನಗೆ ಸಿಕ್ಕಿದ ನಾದಿನಿ ಒಂದು ಕೋಣೆಯಲ್ಲಿದ್ರೆ ಆ ಕೋಣೆ ಖಾಲಿ ಅಂದ್ಕೊಂಡು ಜನ ದೀಪ ಆರಿಸಿ ಹೋಗ್ತಾರೆ! ಅದಕ್ಕೇ ನಿನಗೆ ಆ ಕಿವಿ ಪರೀಕ್ಷೆ ಮಾಡೋ ಕೆಲಸ ಸಿಕ್ಕಿರೋದು. ದಿನವಿಡೀ ಜನರ ಕಿವಿಗೆ ‘ಪೀಂ’ ಅನ್ನಿಸಿ, ಕೇಳಿಸ್ತಾ, ಕೇಳಿಸ್ತಾ ಅಂತ ಬೆರಳೆತ್ತಿಸೋದು. ಮಾತಾಡೋ ಹಾಗೇ ಇಲ್ಲ.

ಏನಂದೆ? ಏನೂ ಅನ್ನಲಿಲ್ವಾ. ಮುಖ ಅಂತು. ‘ಯಾಕೆ ಬರ್ಬೇಕು’ ಅಂತಿದೆ ಮುಖ. ಯಾಕೆ ಅಂದ್ರೆ… ನಮಗೆ ಅನ್ಯಾಯ ಆಗಿದೆ ಕಣೇ! ಒಂದು ಇಡೀ ಆಲ್ಬಮ್! ಹೊರಗೇ ಬರಲಿಲ್ಲ! ಆ ಲಾಂಡ್ರಿ ಕೆಳಗಿನ ನೆಲಮಾಳಿಗೆ ನೆನಪಿದ್ಯಾ? ಮೇಲೆ ಬಟ್ಟೆ ಹಿಂಡೋ ಮೆಷಿನ್ ತಿರುಗೋಕೆ ಶುರುವಾದ್ರೆ ಕೆಳಗೆ ಮೈಕ್ ನಡುಗ್ತಿತ್ತು. ಅದು ಒಂದು ಸಲ ಹಿಂಡಿ ಇನ್ನೊಂದು ಸಲ ಹಿಂಡೋದರೊಳಗೆ ಒಂದು ಹಾಡು ಮುಗಿಸ್ಬೇಕು. ಗುಡುಗು ಅಂತೂ ಕೊನೆಕೊನೆಗೆ ಮೆಷಿನ್ ತಾಳಕ್ಕೇ ಬಾರಿಸ್ತಿದ್ದ. ನಮ್ಮ ಜೊತೆ ಬಾರಿಸೋದಕ್ಕಿಂತ ಅದೇ ವಾಸಿ, ಅದಾದ್ರೂ ಲಯ ಬಿಡಲ್ಲ ಅಂತಿದ್ದ, ಕತ್ತೆ.

ಆಮೇಲೆ ಆ ಮಿಕ್ಸಿಂಗು! ರೆಕಾರ್ಡಿಂಗ್ ಮಾಡ್ತಿದ್ದ ಹೆಡ್‌ಫೋನ್ ಮಾಮ, ಎಂಥಾ ಸಾಧು ಮನುಷ್ಯ. ನಿಮ್ಮಣ್ಣ ಯಾರಿಗೂ ಹೇಳದೆ ಹೋಗಿ, ‘ಮಾಮಾ, ಗಿಟಾರ್ ಒಂಚೂರು ಏರಿಸಿ’. ಅವನು ಈಚೆ ಬಂದ ತಕ್ಷಣ ಗುಡುಗು ಆಚೆಯಿಂದ ನುಗ್ಗಿ, ‘ಮಾಮಾ, ಡ್ರಮ್ ಒಂಚೂರು’. ನಾನು? ನಾನೂ ಹೋಗಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಹಾಡೋಳ ದನಿ ಏರಿಸೋದು ಏರಿಸೋದಲ್ಲ, ಅದು ಅದರ ಜಾಗ. ಹೀಗೆ ಏರಿಸಿ ಏರಿಸಿ, ಕೊನೆಗೆ ಹಾಕಿ ಕೇಳಿದ್ರೆ ಯಾರೋ ಪಾತ್ರೆ ಅಂಗಡಿಯನ್ನ ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ! ಪಾಪ, ಮಾಮ ಏನ್ ಮಾಡಿದ ಗೊತ್ತಾ? ಯಾವುದಕ್ಕೂ ಜೋಡಿಸದ ಒಂದು ಗುಂಡಿ ತೋರಿಸಿ, ‘ಇದು ನಿನ್ನದೇ ಗಿಟಾರಿನ ಗುಂಡಿ, ಎಷ್ಟು ಬೇಕೋ ತಿರುಗಿಸ್ಕೋ’ ಅಂದ. ನಿಮ್ಮಣ್ಣ ಕಣ್ಣು ಮುಚ್ಕೊಂಡು ತಿರುಗಿಸಿ ತಿರುಗಿಸಿ, ‘ಹಾಂ… ಈಗ ನೋಡು, ಈಗ ಆತ್ಮ ಬಂತು’ ಅಂದ! ಅಯ್ಯೋ ದೇವರೇ… ಇವತ್ತಿಗೂ ಅವನಿಗೆ ಗೊತ್ತಿಲ್ಲ. ಹೇಳ್ಬೇಡ. ಸಂಸಾರ ನಡೀಬೇಕು.

ನೀನೊಬ್ಬಳೇ ಮಾಮನ ಹತ್ರ ಹೋಗದವಳು. ಅದಕ್ಕೇ ನಿನ್ನ ಬೇಸ್ ಗಿಟಾರ್ ಯಾರಿಗೂ ಕೇಳಿಸಲಿಲ್ಲ. ಕವರ್ ಫೋಟೋದಲ್ಲೂ ಅಷ್ಟೇ. ನಾಲ್ಕು ಜನ ನಾಲ್ಕು ದಿಕ್ಕಿಗೆ ಮುಖ ಮಾಡಿ ಇಡೀ ದಿನ ಬಿಸಿಲಲ್ಲಿ ನಿಂತ್ವಿ, ಕೋಪಿಷ್ಟರ ಹಾಗೆ ಕಾಣ್ಬೇಕು ಅಂತ. ನಿಜಕ್ಕೂ ಕೋಪ ಬಂದಿತ್ತು, ಹಸಿವಿಗೆ. ಅದರಲ್ಲಿ ನಿಮ್ಮಣ್ಣನ ಕೂದಲ ಹಿಂದೆ ನೀನು ಪೂರ್ತಿ ಮಾಯ. ಒಂದು ಮೊಣಕೈ ಬಂದಿದೆ. ಚೆನ್ನಾಗೇ ಬಂದಿದೆ, ಮೊಣಕೈ.

ಸರಿ, ವಿಷಯಕ್ಕೆ ಬರ್ತೀನಿ. ಕಂಪನಿಗೆ ಹೋದವಳು ನಾನೊಬ್ಬಳೇ. ನಿಮ್ಮಣ್ಣ ಕವರ್ ಫೋಟೋ ವಿಚಾರಕ್ಕೆ ಮುನಿಸ್ಕೊಂಡು ಮಲಗಿದ್ದ. ಗುಡುಗಿಗೆ ಹಲ್ಲುನೋವು. ಅಲ್ಲೇ ತಾನೇ ಅವನ ವೃತ್ತಿಜೀವನ ಶುರುವಾಗಿದ್ದು. ನಿನ್ನನ್ನ ಕರೆದೆ ಅನ್ಸುತ್ತೆ. ಕರೀಲಿಲ್ವಾ? ಇರ್ಲಿ ಬಿಡು. ಹೋದೆ. ಯಜಮಾನ, ಅಷ್ಟಗಲ ಮೇಜು, ಇಷ್ಟೇ ಇಷ್ಟು ಕಿವಿ. ಎರಡನೇ ಹಾಡಿಗೇ ಆಫ್ ಮಾಡಿ, ‘ಇದಕ್ಕೆಲ್ಲ ಈಗ ಮಾರ್ಕೆಟ್ ಇಲ್ಲಮ್ಮ’ ಅಂತ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ. ಮುಗೀತು. ಬಂದು ನಿಮಗೆ ಹೇಳಿದೆ. ಆಮೇಲೆ ನಿನಗೇ ಗೊತ್ತಲ್ಲ, ಗಿಟಾರ್ ಜಾಸ್ತಿಯಾಗಿದ್ದಕ್ಕೇ ಬೇಡ ಅಂದ್ರು ಅಂತ ಗುಡುಗು, ಡ್ರಮ್ಮಿನಿಂದಲೇ ಹಾಳಾಯ್ತು ಅಂತ ನಿಮ್ಮಣ್ಣ. ಬೀದಿಯಲ್ಲೇ ಕೈಕೈ ಮಿಲಾಯಿಸಿದ್ರು. ಲಾಂಡ್ರಿಯವರು ಬಂದು ಬಿಡಿಸಬೇಕಾಯ್ತು. ನೀನು ಕೇಬಲ್ ಸುತ್ತಿಟ್ಟು ಮನೆಗೆ ಹೋದೆ. ಅಷ್ಟೇ. ಬ್ಯಾಂಡ್ ಮುಗೀತು.

ಹಾಗೆ ನೋಡ್ಬೇಡ ಮಾರಾಯ್ತಿ, ಮುಜುಗರ ಆಗುತ್ತೆ. ನಾನೇನು ಅದನ್ನ ಅಲ್ಲೇ ಬಿಟ್ಟು ಬಂದ್ನಾ? ಜಗಳ ಆಡಿದೆ! ಮೇಜು ಗುದ್ದಿದೆ! ಆ ಮನುಷ್ಯನಿಗೆ ಸಂಗೀತದ ಗಂಧ ಇಲ್ಲ ಅಂತ ಅಲ್ಲೇ ಗೊತ್ತಾಯ್ತು. ಮಿಕ್ಕಿದ್ದೆಲ್ಲ ಬಿಟ್ಟು, ಕೊನೇ ಹಾಡನ್ನ ಹಾಕು ಹಾಕು ಅಂತ ಮತ್ತೆ ಮತ್ತೆ ಹಾಕಿಸ್ಕೊಂಡು, ಬೆರಳಲ್ಲಿ ತಾಳ ಹಾಕ್ತಾ, ‘ಈ ದನಿ ಯಾರದಮ್ಮ’ ಅಂತ…

…

ಅಂದ್ರೆ… ನನ್ನ ದನಿ ಬಗ್ಗೆ ಕೇಳಿದ. ಎರಡನೇ ಹಾಡಿಗೆ ಆಫ್ ಮಾಡಿದ, ಆಮೇಲೆ… ಸುಮ್ನೆ ಕೊನೇದು ಹಾಕಿದ. ಹಾಗೆ ಮಾಡ್ತಾರೆ ಅವರು. ಕಂಪನಿಯವರು.

ಹೌದು, ಕೊನೇದನ್ನ ನಾನು ಹಾಡಿರಲಿಲ್ಲ. ಗಂಟಲು ಕಟ್ಟಿತ್ತು. ಗುಡುಗು ದಾರಿ ತಪ್ಪಬಾರದು ಅಂತ ನೀನು ಸುಮ್ನೆ ಮೆಲ್ಲಗೆ ಗೈಡ್ ಹಾಡಿಟ್ಟಿದ್ದೆ. ಆಮೇಲೆ ಅದನ್ನ ಅಳಿಸಿ ನಾನು ಹಾಡೋದು ಅಂತ. ಎಲ್ಲ ಬ್ಯಾಂಡಲ್ಲೂ ಹಾಗೇ ತಾನೇ, ಗೈಡ್ ಹಾಡೋದು ಅಳಿಸೋಕೇ. ಮಾಮ ಮರೆತ. ಅದು ಹಾಗೇ ಹೋಯ್ತು ಕಂಪನಿಗೆ. ಯಾರ ತಪ್ಪೂ ಅಲ್ಲ. ಅವನು ಕೇಳಿದ, ನಾನು ಹೇಳಿದೆ… ಏನೋ ಹೇಳಿದೆ. ಯಾರೋ ಹೊರಗಿನವಳು, ಊರು ಬಿಟ್ಟು ಹೋದ್ಲು ಅಂತ ಇರಬೇಕು. ‘ಆ ದನಿ ಇದ್ರೆ ಇಡೀ ಆಲ್ಬಮ್ ತಗೋತೀನಿ’ ಅಂತಾರೆ ಇವರೆಲ್ಲ, ಬಾಯಿಮಾತಿಗೆ. ಅದನ್ನೆಲ್ಲ ನಂಬೋಕಾಗುತ್ತಾ? ನೀನಾದ್ರೂ ನಂಬ್ತಿದ್ಯಾ?

ಏನಾದ್ರೂ ಹೇಳೇ.

ಯಾಕೆ ನೀನು ಏನೂ ಕೇಳ್ತಿಲ್ಲ? ‘ಅತ್ತಿಗೆ, ಹಾಗಂದ್ನಾ ಅವನು?’ ಅಂತ ಕೇಳು. ಎದ್ದು ನಿಂತು ಕೂಗು. ನನ್ನ ಮೈಕ್ ಎತ್ತಿ ಒಗಿ. ಯಾರೇ ಆಗ್ಲಿ, ಇಂಥ ಮಾತು ಮೊದಲ ಸಲ ಕೇಳಿದ್ರೆ ಮುಖದಲ್ಲಿ ಏನಾದ್ರೂ…

ಮೊದಲ ಸಲ ಅಲ್ವಾ?

ಯಾರು ಹೇಳಿದ್ರು? ಮಾಮನಾ? ಮಾಮನ ಹತ್ರ ವಿಚಾರಿಸ್ಕೊಂಡು ಅವನೇ ಮನೆಗೆ ಫೋನ್ ಮಾಡಿದ್ನಾ, ಆ ಯಜಮಾನ? …ಯಾವಾಗ? ಅವತ್ತೇನಾ?

ಅಂದ್ರೆ ಬೀದಿಯಲ್ಲಿ ಅವರಿಬ್ರೂ ಹೊಡೆದಾಡುವಾಗ, ನೀನು ಕೇಬಲ್ ಸುತ್ತುವಾಗ… ಗೊತ್ತಿತ್ತು. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದೆಯಲ್ಲ, ಆಗ್ಲೂ ಗೊತ್ತಿತ್ತು. ನನ್ನ ಮಗಳ ಹುಟ್ಟುಹಬ್ಬಕ್ಕೆ ಪ್ರತಿ ಸಲ ‘ಅತ್ತಿಗೆ, ಒಂದು ಹಾಡು ಹೇಳಿ’ ಅಂತ ಎಲ್ಲರೆದುರು ನನ್ನನ್ನ ಎಬ್ಬಿಸ್ತೀಯಲ್ಲ… ಗೊತ್ತಿದ್ದೇ ಎಬ್ಬಿಸ್ತಿದ್ದೆ! ನಿಮ್ಮಣ್ಣನಿಗೆ ಹೇಳಿದ್ಯಾ? …ಇಲ್ಲ. ನೀನು ಹೇಳೋಳಲ್ಲ. ಅಯ್ಯೋ, ಹೇಳಿಬಿಟ್ಟಿದ್ರೆ ಎಷ್ಟೋ ಚೆನ್ನಾಗಿತ್ತಲ್ಲೇ!

…ಸರಿ. ಸರಿ. ಹೀಗೆ ಮಾಡೋಣ. ನೀನು ಬಾ. ಬರ್ಲೇಬೇಕು. ಆ ಕೊನೇ ಹಾಡು ಬಂದಾಗ ನಾನು ಒಂದು ಹೆಜ್ಜೆ ಹಿಂದೆ ಸರೀತೀನಿ. ಎರಡು ಹೆಜ್ಜೆ. ದೀಪ ಎಲ್ಲ ನಿನ್ನ ಮೇಲೆ. ನೀನು ಮುಂದೆ ಬರ್ತೀಯ, ಮೈಕ್ ಹತ್ರ. ಮೈಕನ್ನ ನಾನೇ ನಿನ್ನ ಎತ್ತರಕ್ಕೆ ಇಳಿಸ್ತೀನಿ. ಆಮೇಲೆ ಆ ಹಾಡನ್ನ ನೀನೇ… ನೀನೇ…

…ನೀನೇ ಬಾರಿಸು. ಬೇಸು. ಎಷ್ಟು ಜೋರಾಗಿ ಬೇಕಾದ್ರೂ ಬಾರಿಸು, ನಾನೇನೂ ಅನ್ನಲ್ಲ.

ಯಾಕೆ? ಇದಕ್ಕೇನು ಇಷ್ಟೊಂದು ನಗ್ತಿದ್ದೀಯ?